ಕೇಳದ್ದನ್ನೂ ಕೇಳಿಸುವ ರೇಡಿಯೊ

ಅಡಿಕೆ ಸುಲಿಯುವವರಿಗೆ ಕೈ ಬಿಡುವಿಲ್ಲ, ಕಿವಿ ಮಾತ್ರ ಪೂರ್ತಿ ಬಿಡುವು. ತೀರ್ಥಹಳ್ಳಿ, ಹೊಸನಗರದ ಕಡೆ ಚಳಿಗಾಲದ ರಾತ್ರಿ ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಿಡಿದು ಕೂತವರನ್ನು ನೋಡಿದ್ದರೆ ನಿಮಗಿದು ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ರೇಡಿಯೊವನ್ನು ಚಪ್ಪರದ ಕಂಬಕ್ಕೆ ನೇತುಹಾಕುತ್ತಿದ್ದರು. ಸ್ಟೇಷನ್ ಒಂದೇ, ಭದ್ರಾವತಿ. ಕೃಷಿ ಕಾರ್ಯಕ್ರಮ ಮುಗಿದರೆ ವಾರ್ತೆ, ವಾರ್ತೆ ಮುಗಿದರೆ ಯಾರದೋ ಭಾಷಣ, ಆಮೇಲೆ ನಾಟಕ, ಆಮೇಲೆ ಶಾಸ್ತ್ರೀಯ ಸಂಗೀತ. ಬೇಡ ಅನ್ನಿಸಿದರೂ ಎದ್ದು ಬದಲಿಸುವ ಹಾಗಿಲ್ಲ. ಕೈಯೆಲ್ಲ ಅಡಿಕೆಯ ಕರೆ. ಹಾಗಾಗಿ ಬಂದದ್ದನ್ನೆಲ್ಲ ಕೇಳುತ್ತಿದ್ದರು. ಶಾಲೆಯ ಮುಖ ನೋಡದ ನಮ್ಮ ಸೋದರತ್ತೆಗೆ ಒಂದು ಬ್ಯಾಂಕು ಸಾಲ ಕೊಡುವುದು ಹೇಗೆ, ಹಾವು ಕಚ್ಚಿದರೆ ಏನು ಮಾಡಬೇಕು, ನಾಟಕದ ರಾಣಿ ಯಾಕೆ ಅತ್ತಳು, ಎಲ್ಲವೂ ತಿಳಿದಿತ್ತು. ಇದರಲ್ಲಿ ಯಾವುದನ್ನೂ ಅವರು ಬೇಕು ಅಂತ ಕೇಳಿರಲಿಲ್ಲ.

ಬೇಕು ಅನ್ನುವುದಕ್ಕೂ ಕಿವಿಗೆ ಬೀಳುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, ಕೇಳುವುದು. ಮೊಬೈಲು ನಾವು ಕೇಳಿದ್ದನ್ನು ಕೇಳಿಸುತ್ತದೆ. ಒಂದು ಸಲ ಯಕ್ಷಗಾನ ಹಾಕಿದರೆ ಮುಗಿಯಿತು, ತಿಂಗಳಿಡೀ ಯಕ್ಷಗಾನವೇ. ಆ ರೇಡಿಯೊ ನಾವು ಕೇಳದ್ದನ್ನೂ ಕೇಳಿಸುತ್ತಿತ್ತು.

ಇದೇ ಕೆಲಸವನ್ನು ಹಾಡಿನ ಆಸರೆ ಇಲ್ಲದೆ, ಹೆಚ್ಚುಕಡಿಮೆ ಬರೀ ಮಾತಿನಲ್ಲಿ, ಬೆಳಗಿನ ಜಾವದಿಂದ ನಡುರಾತ್ರಿ ದಾಟುವ ತನಕ ಮಾಡುವ ರಾಷ್ಟ್ರೀಯ ಸ್ಟೇಷನ್ ಒಂದು ಬ್ರಿಟನ್ನಿನಲ್ಲಿದೆ. ಬಿಬಿಸಿ ರೇಡಿಯೊ 4. 1967ರ ಸೆಪ್ಟೆಂಬರ್ 30ರಂದು ಆ ಹೆಸರಿನಲ್ಲಿ ಶುರುವಾಯಿತು. ಅದಕ್ಕೂ ಮೊದಲು ಹೋಮ್ ಸರ್ವಿಸ್ ಅನ್ನುತ್ತಿದ್ದರು. ಅಲ್ಲಿ ಓದುತ್ತಿರುವ ತಂಗಿಯ ಮಗಳು ಎರಡು ವರ್ಷದ ಹಿಂದೆ ರಜೆಗೆ ಬಂದಾಗ ನನ್ನ ಫೋನಿಗೆ ಹಾಕಿಕೊಟ್ಟಳು. "ಸುಮ್ನೆ ಆನ್ ಮಾಡಿಟ್ಟುಬಿಡಿ ಮಾವ, ಏನೋ ಒಂದು ಬರ್ತಾ ಇರುತ್ತೆ" ಅಂದಳು. ಅತ್ತೆ ಅರ್ಧ ಗಂಟೆ ತಾಳ್ಮೆಯಿಂದ ಕಾದರು. ಆಮೇಲೆ, "ಎಂಥ ರೇಡಿಯೊ ಮಾರಾಯ ಇದು, ಒಂದು ಪದ್ಯ ಇಲ್ಲ, ಬರೀ ಮಾತು!" ಅಂದರು.

ಬರೀ ಮಾತಿನಲ್ಲಿ ಇಡೀ ದಿನ ತುಂಬಿಸುವುದು ಹೇಗೆ? ಅದೂ ಸುದ್ದಿ, ನಾಟಕ, ಹಾಸ್ಯ, ವಿಜ್ಞಾನ, ಒಕ್ಕಲುತನ, ಕಥೆ ಓದುವುದು, ಹಡಗಿನವರಿಗೆ ಹವಾಮಾನ, ಎಲ್ಲ ಒಂದೇ ದಾರದಲ್ಲಿ. ಮೇಲೆ ನೋಡಿದರೆ ಸಂತೆಯ ಹಾಗೆ ಕಾಣುತ್ತದೆ. ಒಳಗೆ ಮಾತ್ರ ಬಲು ಗಟ್ಟಿ ಲೆಕ್ಕಾಚಾರ ಇದೆ.

ಮೊದಲು ಹೊತ್ತಿನ ವಿಷಯ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಐದೂವರೆ ಗಂಟೆ ಮುಂದೆ. ಅವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿಕೊಳ್ಳುವುದರಿಂದ ಆಗ ನಾಲ್ಕೂವರೆ. ಅವರು ನಡುರಾತ್ರಿ 12 ಗಂಟೆ 48 ನಿಮಿಷಕ್ಕೆ ಹಡಗಿನವರ ಹವಾಮಾನ ಓದುತ್ತಾರೆ. ಅದಾಗಿ ಸ್ವಲ್ಪ ಹೊತ್ತಿಗೆ ರಾಷ್ಟ್ರಗೀತೆ, ಒಂದು ಗಂಟೆಗೆ ಅಂಗಡಿ ಬಾಗಿಲು ಹಾಕಿ ಬಿಬಿಸಿಯ ವರ್ಲ್ಡ್ ಸರ್ವಿಸ್‌ಗೆ ಒಪ್ಪಿಸುತ್ತಾರೆ. ಅಡಿಕೆ ಕೊಯ್ಲಿನ ತಿಂಗಳಲ್ಲಿ ಆ 12:48 ಅಂದರೆ ನಮಗೆ ಬೆಳಿಗ್ಗೆ 6:18. ಅತ್ತೆ ಬಚ್ಚಲ ಒಲೆಗೆ ಬೆಂಕಿ ಹಾಕುವ ಹೊತ್ತು. ಆ ಹೊತ್ತಿಗೆ ಇಲ್ಲಿ ಆಕಾಶವಾಣಿಯ ಮುದ್ರಿಕೆ, ಅಂದರೆ ದಿನದ ಪ್ರಸಾರ ಶುರು ಮಾಡುವ ವಾದ್ಯದ ತುಣುಕು, ಮುಗಿದು ಭಕ್ತಿಗೀತೆ ನಡೆದಿರುತ್ತದೆ. ಆ ಮುದ್ರಿಕೆಯ ರಾಗ ಶಿವರಂಜಿನಿ. ಕಟ್ಟಿದವರು ವಾಲ್ಟರ್ ಕೌಫ್‌ಮನ್, ನಾಜಿಗಳ ಕಾಟಕ್ಕೆ ಊರು ಬಿಟ್ಟು 1934ರಲ್ಲಿ ಮುಂಬೈಗೆ ಬಂದ ಯಹೂದಿ ಸಂಗೀತಗಾರ. ನಮ್ಮ ಬೆಳಗಿನ ರಾಗ ಹೀಗೆ ಯುರೋಪಿನವನ ಕೈಯಲ್ಲಿ ಹುಟ್ಟಿತು. ಈಗ ಯುರೋಪಿನ ರಾತ್ರಿಯ ಹವಾಮಾನ ನಮ್ಮ ಬಚ್ಚಲ ಒಲೆಯ ಪಕ್ಕ ಬಂದು ಕೂತಿದೆ.

ಆ ಹವಾಮಾನದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದು ಅರ್ಥವಾದರೆ ಈ ಸ್ಟೇಷನ್ನಿನ ಅರ್ಧ ಗುಟ್ಟು ಅರ್ಥವಾದ ಹಾಗೆ.

ಶಿಪ್ಪಿಂಗ್ ಫೋರ್‌ಕಾಸ್ಟ್ ಅನ್ನುತ್ತಾರೆ. ಬ್ರಿಟನ್ನಿನ ಸುತ್ತಲ ಕಡಲನ್ನು 31 ತುಂಡು ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಓದುವ ಕ್ರಮ ಯಾವತ್ತೂ ಬದಲಾಗುವುದಿಲ್ಲ. ವೈಕಿಂಗ್, ನಾರ್ತ್ ಉಟ್ಸಿರಾ, ಸೌತ್ ಉಟ್ಸಿರಾ, ಫಾರ್ಟೀಸ್, ಕ್ರೊಮಾರ್ಟಿ, ಫೋರ್ತ್, ಟೈನ್, ಡಾಗರ್, ಫಿಶರ್, ಜರ್ಮನ್ ಬೈಟ್... ಹೀಗೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಒಂದು ಪ್ರದಕ್ಷಿಣೆ. ಪ್ರತಿ ಹೆಸರಿನ ಮುಂದೆ ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮಳೆಯೋ ಬಿಸಿಲೋ, ಎದುರು ಎಷ್ಟು ದೂರ ಕಾಣುತ್ತದೆ, ಅಷ್ಟೇ. ಇಡೀ ಮುನ್ಸೂಚನೆ 350 ಪದ ಮೀರಬಾರದು. ರಾತ್ರಿಯದಕ್ಕೆ ಮಾತ್ರ ಟ್ರಫಾಲ್ಗರ್ ಅನ್ನುವ ತುಂಡು ಸೇರುವುದರಿಂದ 380.

ಇಷ್ಟು ಬಿಗಿ ಇರುವ ಕಡೆ ಒಂದೊಂದು ಪದವೂ ಅಳತೆಗೋಲು. 'ಸೂನ್' ಅಂದರೆ ಸುಮ್ಮನೆ 'ಬೇಗ' ಅಂತಲ್ಲ, ಇನ್ನು 6ರಿಂದ 12 ಗಂಟೆಯೊಳಗೆ. 'ಲೇಟರ್' ಅಂದರೆ 12ರಿಂದ 24 ಗಂಟೆ. 'ಇಮಿನೆಂಟ್' ಅಂದರೆ ಆರು ಗಂಟೆಯ ಒಳಗೇ ಬಿರುಗಾಳಿ, ದೋಣಿ ಕಟ್ಟಿಬಿಡಿ ಅಂತ. 'ಗುಡ್' ಅಂದರೆ ಹವಾ ಚೆನ್ನಾಗಿದೆ ಅಂತ ನಾನು ತಿಳಿದಿದ್ದೆ. ಅಲ್ಲ, ಐದು ನಾಟಿಕಲ್ ಮೈಲಿಗಿಂತ ದೂರ ಕಣ್ಣಿಗೆ ಕಾಣುತ್ತದೆ ಅಂತ. ಕೇಳುವವನಿಗೆ ಪೇಪರು ಪೆನ್ನು ಸಾಕು.

ಇದನ್ನು ನಾನು ಅತ್ತೆಗೆ ವಿವರಿಸಲು ಹೋಗಿ ಸೋತಿದ್ದೆ. ಆಮೇಲೆ ಅವರೇ ಅಂದರು, "ಅಡಿಕೆ ಧಾರಣೆ ಓದಿದ ಹಾಗೆ ಅಲ್ವಾ?" ಹೌದು, ಅದೇ. ಸರಕು, ಬೆಟ್ಟೆ, ರಾಶಿ, ಗೊರಬಲು. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳಿಗೆ ಇರುವ ಈ ನಾಲ್ಕು ಹೆಸರು ಹೊರಗಿನವರಿಗೆ ಮಂತ್ರದ ಹಾಗೆ ಕೇಳಬಹುದು. ನಮಗೆ ಅದರಲ್ಲಿ ಮಗಳ ಮದುವೆ ಇದೆ, ಸೊಸೈಟಿ ಸಾಲ ಇದೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್, ಮಾಣಿ, ಯಡೂರು ಅಂತ ಮಳೆಯ ಅಳತೆ ಓದುವಾಗಲೂ ಹಾಗೆಯೇ. ಲಿಂಗನಮಕ್ಕಿ ತುಂಬಿದರೆ 1819 ಅಡಿ, ಭದ್ರಾ ಡ್ಯಾಮು ತುಂಬಿದರೆ 186 ಅಡಿ ಅನ್ನುವ ಎರಡು ಅಂಕಿ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಇವತ್ತಿನ ನೀರಿನ ಮಟ್ಟ ಹೇಳಿದ ತಕ್ಷಣ ಮನಸ್ಸಿನಲ್ಲೇ ಕಳೆಯುವ ಲೆಕ್ಕ ನಡೆದುಹೋಗುತ್ತದೆ.

ಅಲ್ಲಿ ವಿಚಿತ್ರ ಇರುವುದು ಇನ್ನೊಂದರಲ್ಲಿ. ಇವತ್ತು ಹಡಗಿನವರ ಬಳಿ ಉಪಗ್ರಹದ ಮಾಹಿತಿ ಇದೆ. ರೇಡಿಯೊ ಒಂದನ್ನೇ ನೆಚ್ಚಿಕೊಂಡು ಕೂತವರು ಕಡಿಮೆ. ಆದರೂ 2025ರಲ್ಲಿ ಬಿಬಿಸಿಯಲ್ಲಿ ಅದಕ್ಕೆ ನೂರು ವರ್ಷ ತುಂಬಿದಾಗ ಇಡೀ ದೇಶ ಸಂಭ್ರಮಪಟ್ಟಿತು. ಕೇಳುವವರಲ್ಲಿ ಹೆಚ್ಚಿನವರು ಕಡಲಿಗೆ ಇಳಿದವರೇ ಅಲ್ಲ. ಹೊರಗೆ ಎಲ್ಲೋ ಬಿರುಗಾಳಿ ಇದೆ, ನಾನು ಹಾಸಿಗೆಯಲ್ಲಿ ಬೆಚ್ಚಗಿದ್ದೇನೆ ಅನ್ನುವ ನೆಮ್ಮದಿಗೆ ಕೇಳುತ್ತಾರೆ. 2002ರಲ್ಲಿ ಫಿನಿಸ್ಟೆರ್ ಅನ್ನುವ ಹೆಸರು ತೆಗೆದು ಫಿಟ್ಜ್‌ರಾಯ್ ಅಂತ ಇಟ್ಟಾಗ ಜನ ಬೇಜಾರು ಮಾಡಿಕೊಂಡರು. ಆ ಫಿಟ್ಜ್‌ರಾಯ್ ಡಾರ್ವಿನ್ ಹೋದ ಬೀಗಲ್ ಹಡಗಿನ ಕ್ಯಾಪ್ಟನ್. 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಶುರು ಮಾಡಿದವನೂ ಅವನೇ. ಅವನಿಗೆ ಸಿಗಬೇಕಾದ್ದೇ. ಆದರೂ ಪ್ರತಿ ದಿನ ಕೇಳಿದ ಹೆಸರು ಒಂದು ದಿನ ಇಲ್ಲ ಅಂದರೆ ಹೇಗಾಗುತ್ತದೆ? ನಾಳೆಯಿಂದ ಗೊರಬಲಿಗೆ ಬೇರೆ ಹೆಸರು ಅಂದರೆ ನಾನಂತೂ ಒಪ್ಪುವುದಿಲ್ಲ.

ಇನ್ನು ದಿನದ ಉಳಿದ ಭಾಗ. ಬೆಳಿಗ್ಗೆ 5:45ಕ್ಕೆ ಒಕ್ಕಲುತನದ ಕಾರ್ಯಕ್ರಮ, ರೈತರು ಏಳುವ ಹೊತ್ತಿಗೆ. ಆರರಿಂದ ಒಂಬತ್ತರ ತನಕ 'ಟುಡೇ' ಅನ್ನುವ ಸುದ್ದಿ ಕಾರ್ಯಕ್ರಮ. 1957ರಿಂದ ನಡೆದಿದೆ. ಮಂತ್ರಿಗಳನ್ನು ಕೂರಿಸಿಕೊಂಡು ಬೆವರಿಳಿಸುವ ಜಾಗ ಅದು. ಅದರ ನಡುವೆಯೇ, ಎಂಟಕ್ಕೆ ಹತ್ತು ಹನ್ನೆರಡು ನಿಮಿಷ ಇರುವಾಗ, ಒಬ್ಬ ಧರ್ಮಗುರುವೋ ಚಿಂತಕರೋ ಬಂದು ಮೂರು ನಿಮಿಷದ ಒಂದು ಮಾತು ಹೇಳಿ ಹೋಗುತ್ತಾರೆ. ನಮ್ಮ ಆಕಾಶವಾಣಿಯ 'ಚಿಂತನ' ನೆನಪಾಗದೇ ಇರದು. ಒಂಬತ್ತಕ್ಕೆ ಚರ್ಚೆ, ಹತ್ತಕ್ಕೆ ಮಹಿಳೆಯರ ಕಾರ್ಯಕ್ರಮ, ಒಂದಕ್ಕೆ ಮತ್ತೆ ಸುದ್ದಿ, ಎರಡೂಕಾಲಿಗೆ ಹೆಚ್ಚಿನ ದಿನ ನಾಟಕ, ಐದಕ್ಕೆ ಸುದ್ದಿ, ಆರೂವರೆಗೆ ಹಾಸ್ಯ, ರಾತ್ರಿ 10:45ಕ್ಕೆ ಮಲಗುವ ಮುಂಚೆ ಒಂದು ಪುಸ್ತಕದ ಓದು.

ಈ ಪಟ್ಟಿಯನ್ನು ರುಚಿಯ ಪ್ರಕಾರ ಮಾಡಿಲ್ಲ, ಕೆಲಸದ ಪ್ರಕಾರ ಮಾಡಿದ್ದಾರೆ. ಮಹಿಳೆಯರ ಕಾರ್ಯಕ್ರಮವನ್ನೇ ನೋಡಿ. 'ವುಮನ್ಸ್ ಅವರ್' 1946ರ ಅಕ್ಟೋಬರ್ 7ಕ್ಕೆ ಶುರುವಾದಾಗ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿತ್ತು. ಊಟದ ಪಾತ್ರೆ ತೊಳೆದಾಗಿದೆ, ಮಕ್ಕಳು ಶಾಲೆಯಿಂದ ಇನ್ನೂ ಬಂದಿಲ್ಲ, ಅಂತ ಒಂದು ಊಹೆ. ಮೊದಲು ನಡೆಸಿಕೊಟ್ಟವರು ಒಬ್ಬ ಗಂಡಸು ಅನ್ನುವುದು ಬೇರೆ ಮಾತು! 1991ರಲ್ಲಿ ಅದನ್ನು ಬೆಳಿಗ್ಗೆಗೆ ತಂದರು. ಹೆಂಗಸರ ದಿನಚರಿ ಬದಲಾಗಿತ್ತು, ರೇಡಿಯೊ ಅದರ ಹಿಂದೆ ಹೋಯಿತು. ಬೆಳಿಗ್ಗೆ ಎಲ್ಲರೂ ಓಡಾಟದಲ್ಲಿ ಇರುವಾಗ ಯಾರೂ ನಾಟಕ ಹಾಕುವುದಿಲ್ಲ. ಅರ್ಧಕ್ಕೆ ಬಿಟ್ಟು ಹೋದರೂ ನಷ್ಟವಾಗದ ಸುದ್ದಿಯನ್ನು ತುಂಡು ತುಂಡಾಗಿ ಕೊಡುತ್ತಾರೆ. ಕೈಗೆ ಒಂದೇ ಥರದ ಕೆಲಸ ಹತ್ತಿದ ಹೊತ್ತಿಗೆ ಉದ್ದನೆಯದನ್ನು ಕೊಡುತ್ತಾರೆ. ಇಸ್ತ್ರಿ ಹಾಕುವುದು, ತರಕಾರಿ ಹೆಚ್ಚುವುದು, ಕಾರು ಓಡಿಸುವುದು. ನಮ್ಮಲ್ಲಿ ಅಡಿಕೆ ಸುಲಿಯುವುದು.

ಹಾಗೆ ಕೇಳುವವರಿಗೆಂದೇ ಹುಟ್ಟಿದ್ದು 'ದಿ ಆರ್ಚರ್ಸ್'. ಇದರ ಕಥೆ ನನಗೆ ಬಲು ಇಷ್ಟ. ಎರಡನೇ ಮಹಾಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಆಹಾರಕ್ಕೆ ರೇಷನ್ ಇತ್ತು. ಬೆಳೆ ಹೆಚ್ಚಾಗಬೇಕು, ಹೊಸ ಪದ್ಧತಿ ರೈತರಿಗೆ ಮುಟ್ಟಬೇಕು. ಕೃಷಿ ಭಾಷಣಗಳನ್ನು ಹಾಕಿದರೆ ಕೇಳುವವರು ಕಡಿಮೆ. 1948ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರೈತರನ್ನು ಕರೆದು ಸಭೆ ಮಾಡಿದರು. ಅಲ್ಲಿ ಒಬ್ಬ ರೈತ ಎದ್ದು, ರೇಡಿಯೊದಲ್ಲಿ ಬರುವ ಪತ್ತೇದಾರಿ ಧಾರಾವಾಹಿ ಇದೆಯಲ್ಲ, ಅದರ ಥರ ಒಕ್ಕಲುತನಕ್ಕೂ ಒಂದು ಮಾಡಿ ಅಂದ. ಗಾಡ್‌ಫ್ರೆ ಬೇಸ್ಲಿ ಅನ್ನುವ ನಿರ್ಮಾಪಕರು ಆ ಮಾತನ್ನು ಹಿಡಿದುಕೊಂಡರು. 1951ರ ಜನವರಿ 1ರಿಂದ ಇಡೀ ದೇಶಕ್ಕೆ ಪ್ರಸಾರ. ಆಂಬ್ರಿಜ್ ಅನ್ನುವ ಇಲ್ಲದ ಊರು, ಅಲ್ಲಿ ಆರ್ಚರ್ ಅನ್ನುವ ರೈತ ಕುಟುಂಬ. ಕಂತುಗಳು 20,000 ದಾಟಿವೆ. ಇನ್ನೂ ನಡೆದಿದೆ.

ಉಪಾಯ ಇರುವುದು ಕಥೆಯೊಳಗೆ ವಿಷಯ ಸೇರಿಸುವುದರಲ್ಲಿ. ಮಗನಿಗೆ ಹುಡುಗಿ ಇಷ್ಟವಾಗಿದೆ, ಅಪ್ಪನಿಗೆ ಆಗಿಲ್ಲ. ಈ ಜಗಳ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ನಡೆಯುತ್ತದೆ. ನೀವು ಜಗಳ ಕೇಳುತ್ತೀರಿ, ಕೆಚ್ಚಲು ಬಾವಿನ ಮದ್ದೂ ಕಿವಿಗೆ ಬಿದ್ದಿರುತ್ತದೆ. 2001ರಲ್ಲಿ ಅಲ್ಲಿ ಕಾಲುಬಾಯಿ ಜ್ವರ ಬಂದು ಲಕ್ಷಾಂತರ ದನ ಕುರಿ ಕೊಲ್ಲಬೇಕಾಗಿ ಬಂತು. ಆಂಬ್ರಿಜ್‌ನ ಪಾತ್ರಗಳೂ ಅದರ ಭಯದಲ್ಲೇ ದಿನ ಕಳೆದವು. ನಿಜವಾದ ಊರಿನಲ್ಲಿ ಆದದ್ದು ಇಲ್ಲದ ಊರಿನಲ್ಲೂ ಆಗಬೇಕಲ್ಲ.

ನಮ್ಮ ಕಡೆ ಇದಕ್ಕೆ ಸರಕು ಬೇಕಾದಷ್ಟಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದ ಜುಲೈ, ಅಡಿಕೆ ಕೊನೆ ತೆಗೆಯುವವರು ಸಿಗದೆ ಒದ್ದಾಡುವ ಡಿಸೆಂಬರ್, ಎಲೆಚುಕ್ಕಿ ರೋಗಕ್ಕೆ ತೋಟವೇ ಹಳದಿ ತಿರುಗುವುದು. ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ. ಉಣುಗು ಕಚ್ಚಿ ಬರುವುದು, ಬೇಸಿಗೆ ಮುಗಿಯುವ ತನಕ ಕಾಟ. 'ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಿ' ಅಂತ ನೂರು ಸಲ ಪ್ರಕಟಣೆ ಓದಿದರೂ ದರಗು (ಒಣಗಿದ ಎಲೆ) ತರಲು ಹೋಗುವವರು ಹಾಗೇ ಹೋಗುತ್ತಾರೆ. ಅದೇ ಧಾರಾವಾಹಿಯಲ್ಲಿ, ಜನ ಪ್ರೀತಿಸುವ ಒಬ್ಬಳು ಸೊಸೆ ದರಗು ತರಲು ಹೋಗಿ ಜ್ವರ ಹಿಡಿದು ಮಲಗಿದರೆ? ಮಾರನೇ ದಿನ ಇಡೀ ಊರು ಎಣ್ಣೆ ಬಾಟಲಿ ಹುಡುಕೀತು. ಇದು ನನ್ನ ಆಸೆ, ಅಷ್ಟೇ.

ಪಾತ್ರಗಳ ಮೇಲೆ ಜನರಿಗೆ ಎಷ್ಟು ಪ್ರೀತಿ ಅನ್ನುವುದನ್ನು ಬಿಬಿಸಿ ಒಮ್ಮೆ ಆಯುಧದ ಹಾಗೆ ಬಳಸಿಕೊಂಡಿತು. 1955ರ ಸೆಪ್ಟೆಂಬರ್ 22ರ ರಾತ್ರಿ ಬ್ರಿಟನ್ನಿನ ಮೊದಲ ಖಾಸಗಿ ಟಿವಿ ಚಾನೆಲ್ ಐಟಿವಿ ಶುರುವಾಗುವುದಿತ್ತು. ಅದೇ ರಾತ್ರಿ ಆರ್ಚರ್ಸ್‌ನಲ್ಲಿ ಗ್ರೇಸ್ ಅನ್ನುವ ಎಳೇ ಸೊಸೆಯನ್ನು ಕುದುರೆ ಲಾಯದ ಬೆಂಕಿಯಲ್ಲಿ ಸಾಯಿಸಿದರು. ಮಾರನೇ ದಿನ ಪೇಪರಿನ ತುಂಬ ಗ್ರೇಸ್‌ದೇ ಸುದ್ದಿ. ಟಿವಿ ಚಾನೆಲ್ ಮೂಲೆಗೆ ಹೋಯಿತು.

ರಾತ್ರಿ ಏಳಕ್ಕೆ ಬಂದ ಕಂತನ್ನು ಮಾರನೇ ಮಧ್ಯಾಹ್ನ ಎರಡಕ್ಕೆ ಮತ್ತೆ ಹಾಕುತ್ತಾರೆ. ಚಳಿಗಾಲದಲ್ಲಿ ಅದು ನಮಗೆ ರಾತ್ರಿ ಏಳೂವರೆ. ಸರಿಯಾಗಿ ಸುಲಿಯುವ ಹೊತ್ತು.

ಈಗ ಗಡಿಯಾರದ ವಿಷಯ. ಹಾಡು ಹಾಕುವ ಸ್ಟೇಷನ್ನಿನಲ್ಲಿ ಒಬ್ಬರು ಎರಡು ನಿಮಿಷ ಮುಂಚೆ ಮಾತು ಮುಗಿಸಿದರೆ ಚಿಂತೆ ಇಲ್ಲ, ಒಂದು ತಟ್ಟೆ ತಿರುಗಿಸಿದರೆ ಆಯಿತು. ಮಾತಿನ ಸ್ಟೇಷನ್ನಿಗೆ ಆ ಅನುಕೂಲ ಇಲ್ಲ. ಅಲ್ಲಿ ಎಲ್ಲವೂ ಸೆಕೆಂಡಿನ ಲೆಕ್ಕ. ಅರ್ಧ ಗಂಟೆಯ ಕಾರ್ಯಕ್ರಮ ಅಂದರೆ ನಿಜವಾಗಿ ಇಪ್ಪತ್ತೆಂಟು ನಿಮಿಷದ ಆಸುಪಾಸು. ಉಳಿದದ್ದರಲ್ಲಿ ಉದ್ಘೋಷಕರು ಬಂದು ಮುಂದೇನು ಅಂತ ಹೇಳಬೇಕು, ನಾಳೆಯದರ ಆಸೆ ಹುಟ್ಟಿಸಬೇಕು, ಅಷ್ಟರಲ್ಲಿ ಗಂಟೆ ಆಯಿತು ಅಂತ ಸೂಚಿಸುವ 'ಪಿಪ್' ಸದ್ದು ಬರಬೇಕು. ಆರು ಪಿಪ್. ಐದು ಚಿಕ್ಕವು, ಕೊನೆಯದು ಉದ್ದ. ಆ ಕೊನೆಯದರ ಆರಂಭವೇ ಗಂಟೆಯ ಆರಂಭ. 1924ರ ಫೆಬ್ರವರಿ 5ರಿಂದ ಬರುತ್ತಿದೆ. ಆಗ ಗ್ರೀನ್‌ವಿಚ್ ವೀಕ್ಷಣಾಲಯದಿಂದ ತಂತಿಯಲ್ಲಿ ಬರುತ್ತಿತ್ತು, 1990ರಿಂದ ಬಿಬಿಸಿಯೇ ಮಾಡಿಕೊಳ್ಳುತ್ತದೆ. ಪಿಪ್‌ನ ಮೇಲೆ ಮಾತಾಡುವುದು ಅಲ್ಲಿ ದೊಡ್ಡ ತಪ್ಪು. ಸಂಜೆ ಆರಕ್ಕೆ ಮತ್ತು ನಡುರಾತ್ರಿ ಪಿಪ್ ಬದಲು ಬಿಗ್ ಬೆನ್ ಗಂಟೆಯ ಸದ್ದನ್ನೇ ಕೇಳಿಸುತ್ತಾರೆ. ಅಂದಹಾಗೆ, ಫೋನಿನಲ್ಲಿ ಕೇಳಿ ಗಡಿಯಾರ ಸರಿ ಮಾಡಿಕೊಳ್ಳಲು ಹೋಗಬೇಡಿ. ಇಂಟರ್ನೆಟ್ಟಿನಲ್ಲಿ ಸುತ್ತಿಕೊಂಡು ಬರುವಾಗ ಪಿಪ್ ತಡವಾಗಿರುತ್ತದೆ.

ಸೆಕೆಂಡನ್ನು ಮಾತಿಗೆ ತಿರುಗಿಸುವುದು ಹೇಗೆ? ಇಂಗ್ಲಿಷಿನಲ್ಲಿ ಸೆಕೆಂಡಿಗೆ ಮೂರು ಪದ ಅಂತ ಹಿಡಿಯುತ್ತಾರೆ. ಕನ್ನಡಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. 'ಹೋಗಬೇಕಾಗಿತ್ತಂತೆ' ಅನ್ನುವ ಒಂದು ಪದದಲ್ಲಿ ಅವರ ನಾಲ್ಕೈದು ಪದ ಅಡಗಿದೆ. ನಾನು ಒಂದು ಸಲ ಬಾನುಲಿ ಕೇಂದ್ರವೊಂದಕ್ಕೆ ಭಾಷಣ ಓದಲು ಹೋಗಿದ್ದೆ. ಕಾಳುಮೆಣಸಿನ ಮೇಲೆ ಹತ್ತು ನಿಮಿಷ. ಚೆನ್ನಾಗಿ ಬರೆದಿದ್ದೇನೆ ಅಂತ ಜಂಬ ಬೇರೆ. ಅಲ್ಲಿದ್ದವರು ಮೊದಲು ನನ್ನ ಕಾಗದದ ಪಿನ್ನು ತೆಗೆಸಿದರು. ಹಾಳೆ ತಿರುಗಿಸುವ ಸದ್ದು ಮೈಕಿಗೆ ಮಳೆ ಬಂದ ಹಾಗೆ ಕೇಳುತ್ತದಂತೆ, ಬಿಡಿ ಹಾಳೆಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಬೇಕು. ಆಮೇಲೆ ಒಂದು ಪ್ಯಾರಾ ಓದಿಸಿ, "ಇದು ಓದೋಕೆ ಚೆನ್ನಾಗಿದೆ, ಕೇಳೋಕಲ್ಲ. ನಿಮ್ಮ ವಾಕ್ಯ ಮುಗಿಯೋ ಹೊತ್ತಿಗೆ ಶುರು ಮರೆತೇ ಹೋಗಿರುತ್ತೆ" ಅಂದರು.

ಅವತ್ತು ಮುಖ ಸಣ್ಣದಾಗಿತ್ತು. ಆಮೇಲೆ ಯೋಚಿಸಿದರೆ ನಿಜ ಅನ್ನಿಸಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಬಳ್ಳಿಯ ಬುಡಕ್ಕೆ, ಮಳೆಗಾಲ ಶುರುವಾಗುವ ಮೊದಲು, ಒಣಗಿದ ಎಲೆಯ ಜೊತೆ, ಗೊಬ್ಬರವನ್ನು...' ಅಂತ ಹೋಗುತ್ತ ಇದ್ದರೆ ಹಾಕಬೇಕೋ ತೆಗೆಯಬೇಕೋ ಕೊನೆಯ ತನಕ ಗೊತ್ತಾಗುವುದಿಲ್ಲ. ಓದುಗ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾನೆ. ಕೇಳುಗನಿಗೆ ಹಿಂದಿನ ಸಾಲು ಅನ್ನುವುದೇ ಇಲ್ಲ. ಹಾಗಾಗಿ ರೇಡಿಯೊದಲ್ಲಿ ಗೊಬ್ಬರ ಹಾಕಿ ಅಂತ ಮೊದಲು ಹೇಳಬೇಕು, ಯಾವಾಗ ಎಲ್ಲಿ ಅನ್ನುವುದನ್ನು ಬೇರೆ ಬೇರೆ ವಾಕ್ಯದಲ್ಲಿ. ಅಂಕಿ ಒಂದು ವಾಕ್ಯಕ್ಕೆ ಒಂದೇ. ನನ್ನ ಹತ್ತು ನಿಮಿಷದ ಭಾಷಣವನ್ನು ಅಲ್ಲೇ ಕೂತು ಕತ್ತರಿಸಿದೆವು. ಮೆಣಸಿನ ಇತಿಹಾಸ ಪೂರಾ ಹೋಯಿತು.

ಮಾತು ಸಿದ್ಧವಾದರೆ ಸಾಲದು, ಗುಡ್ಡ ದಾಟಬೇಕು. ಭದ್ರಾವತಿ ಕೇಂದ್ರ 1965ರಲ್ಲಿ ಶುರುವಾಯಿತು, ಮೀಡಿಯಂ ವೇವ್ 675 ಕಿಲೊಹರ್ಟ್ಸ್. ಆ ಅಲೆಯ ಉದ್ದ ಲೆಕ್ಕ ಹಾಕಿದರೆ ಸುಮಾರು 444 ಮೀಟರ್. ಎಫ್‌ಎಂ ಅಲೆಯ ಉದ್ದ ಬರೀ ಮೂರು ಮೀಟರ್. ಚಿಕ್ಕ ಅಲೆ ಬೆಳಕಿನ ಹಾಗೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ನಮ್ಮ ಮನೆಯಂತೂ ಹೊಂಡದಲ್ಲಿದೆ, ಎಫ್‌ಎಂ ಬೇಕಾದರೆ ತೋಟದ ಮೇಲಿನ ದರೆ ಹತ್ತಬೇಕು. ಉದ್ದನೆಯ ಅಲೆ ನೆಲಕ್ಕೆ ಅಂಟಿಕೊಂಡು, ಗುಡ್ಡದ ಮೇಲೆ ಹರಿದು, ಈಚೆ ಬದಿಗೂ ಇಳಿಯುತ್ತದೆ. ಮಲೆನಾಡಿಗೆ ಮೀಡಿಯಂ ವೇವ್ ಹೇಳಿ ಮಾಡಿಸಿದ್ದು. ತೊಂದರೆ ಒಂದೇ. ದೂರದಲ್ಲೆಲ್ಲೋ ಮಿಂಚಿದರೂ ಇಲ್ಲಿ ಗರ್‌ರ್ ಅನ್ನುತ್ತದೆ. ನಮ್ಮಪ್ಪ ಅದನ್ನೇ ಹವಾಮಾನ ವರದಿ ಅಂತ ತಿಳಿದು ಅಂಗಳದ ಅಡಿಕೆ ಬಾಚುತ್ತಿದ್ದರು. ರಾತ್ರಿಯಾದರೆ ಬೇರೆ ಆಟ. ಬಿಸಿಲಿದ್ದಾಗ ವಾತಾವರಣದ ಮೇಲಿನ ಒಂದು ಪದರ ಈ ಅಲೆಗಳನ್ನು ನುಂಗುತ್ತಿರುತ್ತದೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರದ ಊರುಗಳಿಗೆ ಹಾರುತ್ತವೆ. ಗೊತ್ತಿಲ್ಲದ ಭಾಷೆಗಳು ಬಂದು ಭದ್ರಾವತಿಯ ಮೇಲೆ ಕೂರುತ್ತಿದ್ದುದು ಇದಕ್ಕೇ.

ರೇಡಿಯೊ 4 ಇದಕ್ಕಿಂತಲೂ ಉದ್ದದ ಅಲೆ ಇಟ್ಟುಕೊಂಡಿತ್ತು. ಲಾಂಗ್ ವೇವ್ 198 ಕಿಲೊಹರ್ಟ್ಸ್, ಒಂದೂವರೆ ಕಿಲೊಮೀಟರ್ ಉದ್ದ. ಮುಖ್ಯ ಗೋಪುರ ಇದ್ದದ್ದು ಡ್ರಾಯ್ಟ್‌ವಿಚ್‌ನಲ್ಲಿ. ಕಡಲಿನ ಮೇಲೂ ದೂರ ಹೋಗುವ ಅಲೆ, ಹಾಗಾಗಿಯೇ ಹಡಗಿನವರ ಹವಾಮಾನ ಈ ಸ್ಟೇಷನ್ನಿಗೆ ಬಂದು ಸೇರಿದ್ದು. ಅದೇ ಅಲೆಯಲ್ಲಿ ಬಹಳ ವರ್ಷ ಟೆಸ್ಟ್ ಕ್ರಿಕೆಟ್ ವೀಕ್ಷಕ ವಿವರಣೆಯೂ ಬರುತ್ತಿತ್ತು. ಬ್ಯಾಟ್ಸ್‌ಮನ್ ತೊಂಬತ್ತೊಂಬತ್ತರಲ್ಲಿದ್ದರೂ ಸರಿ, ಹೊತ್ತಾಯಿತು ಅಂದರೆ ಡಾಗರ್, ಫಿಶರ್ ಅಂತ ಶುರು! ಇನ್ನೂ ಒಂದು ಗುಟ್ಟಿನ ಕೆಲಸ ಇತ್ತು. 1980ರ ದಶಕದಿಂದ ಆ ಅಲೆಯ ಮೇಲೆ ಕಿವಿಗೆ ಕೇಳದ ಸಂಕೇತ ಕಳಿಸಿ ಮನೆಗಳ ವಿದ್ಯುತ್ ಮೀಟರನ್ನು ರಾತ್ರಿಯ ಕಡಿಮೆ ದರಕ್ಕೆ ತಿರುಗಿಸುತ್ತಿದ್ದರು. 2025ರಲ್ಲಿ ಅದನ್ನು ಹಂತ ಹಂತವಾಗಿ ನಿಲ್ಲಿಸತೊಡಗಿದರು. ಲಾಂಗ್ ವೇವ್‌ಗಾಗಿ ಬೇರೆ ಕಾರ್ಯಕ್ರಮ ಕೊಡುವುದೂ 2024ರಲ್ಲಿ ನಿಂತಿತು. ಕಡಲಡಿ ಇರುವ ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಯವರು, ದೇಶ ಇನ್ನೂ ಉಳಿದಿದೆಯೇ ಅಂತ ತಿಳಿಯಲು ನೋಡುವ ಗುರುತುಗಳಲ್ಲಿ ರೇಡಿಯೊ 4 ಬರುತ್ತಿದೆಯೇ ಅನ್ನುವುದೂ ಒಂದು ಅಂತ ಇತಿಹಾಸಕಾರ ಪೀಟರ್ ಹೆನೆಸಿ ಬರೆದಿದ್ದಾರೆ.

ದುಡ್ಡು ಎಲ್ಲಿಂದ? ಜಾಹೀರಾತು ಇಲ್ಲ. ಟಿವಿ ಇರುವ ಮನೆಯವರು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸ್ ಹಣದಿಂದ ಈ ಸ್ಟೇಷನ್ನೂ ನಡೆಯುತ್ತದೆ. ಬರೀ ರೇಡಿಯೊಗೆ ಇದ್ದ ಲೈಸೆನ್ಸನ್ನು 1971ರಲ್ಲಿ ತೆಗೆದರು. ನಮ್ಮಲ್ಲೂ ಪೋಸ್ಟಾಫೀಸಿಗೆ ಹೋಗಿ ರೇಡಿಯೊ ಲೈಸೆನ್ಸ್ ಕಟ್ಟಿ ಪುಸ್ತಕಕ್ಕೆ ಸ್ಟಾಂಪ್ ಹಾಕಿಸಿಕೊಳ್ಳುವ ಕಾಲ ಇತ್ತು, ಹಿರಿಯರಿಗೆ ನೆನಪಿದೆ. ಆಕಾಶವಾಣಿ 1997ರಿಂದ ಪ್ರಸಾರ ಭಾರತಿಯ ಕೆಳಗಿದೆ, ಸರ್ಕಾರದ ಹಣ ಮತ್ತು ಜಾಹೀರಾತು ಎರಡೂ ಸೇರಿ ನಡೆಯುತ್ತದೆ. ಕಾರ್ಯಕ್ರಮಕ್ಕೊಂದು ದರ ಇಟ್ಟಿದ್ದರೆ ಹಡಗಿನ ಹವಾಮಾನವೂ ಉಳಿಯುತ್ತಿರಲಿಲ್ಲ, ಬೆಳಿಗ್ಗೆ 6:55ರ ಸಂಸ್ಕೃತ ವಾರ್ತೆಯೂ ಉಳಿಯುತ್ತಿರಲಿಲ್ಲ. 'ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್' ಅನ್ನುವುದನ್ನು ಅಣಕಿಸದ ಮಕ್ಕಳು ನಮ್ಮ ಕಾಲದಲ್ಲಿ ಇರಲಿಲ್ಲ. ಅದರಾಚೆ ಒಂದು ಪದ ಅರ್ಥವಾಗುತ್ತಿರಲಿಲ್ಲ. ಆದರೆ ಅದು ಬಂತು ಅಂದರೆ ಸ್ನಾನಕ್ಕೆ ಏಳಬೇಕು ಅಂತ ಗೊತ್ತಿತ್ತು.

ಈಗ ನಮ್ಮಲ್ಲಿ ಅಡಿಕೆ ಸುಲಿಯುವ ಮೆಷಿನ್ ಬಂದಿದೆ. ಅದರ ಸದ್ದಿಗೆ ಭದ್ರಾವತಿಯೂ ಇಲ್ಲ, ಲಂಡನ್ನೂ ಇಲ್ಲ. ಚಪ್ಪರದಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು. ಬೆಳಿಗ್ಗೆ ಮಾತ್ರ ಅತ್ತೆ ನನ್ನ ಫೋನನ್ನು ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಿಸಿಕೊಳ್ಳುತ್ತಾರೆ. ಇಂಗ್ಲಿಷ್ ಅವರಿಗೆ ಬಾರದು. ಆದರೆ ಹೆಸರುಗಳು ಬಾಯಿಗೆ ಬಂದಿವೆ, ಫಾರ್ಟೀಸ್ ಆದ ಮೇಲೆ ಯಾವುದು ಅಂತ ನನಗಿಂತ ಮೊದಲು ಹೇಳುತ್ತಾರೆ. ಹೋದ ಜನವರಿಯಲ್ಲಿ ಒಂದು ದಿನ ನೆಟ್‌ವರ್ಕ್ ಇರಲಿಲ್ಲ. ಕಾಫಿ ಕೊಡುವಾಗ ಕೇಳಿದರು, "ಆ ಡಾಗರಿನವರಿಗೆ ಇವತ್ತು ಗಾಳಿ ಹೇಗಿದೆಯಂತೆ?"